ಮೀನಿನ ತಲೆ ಫೀಡಿಗೆ ಹೋಗ್ಲಿ, ಮರಿ ಬೂತಾಯಿ ಕಡಲಲ್ಲೇ ಇರ್ಲಿ

ಮಂಗ್ಳೂರು ಧಕ್ಕೆಗೋ ಮಲ್ಪೆಗೋ ಬೆಳಿಗ್ಗೆ ಹೋಗಿ ನೋಡಿ, ಬೋಟಿಂದ ಇಳ್ದಿದ್ದ್ರಲ್ಲಿ ಒಂದಿಷ್ಟು ಸೀದಾ ಫಿಶ್‌ಮೀಲ್ ಮಿಲ್ಲಿನ ಲಾರಿ ಹತ್ತತ್ತೆ, ಅದ್ರಲ್ಲಿ ಬೆರಳುದ್ದದ ಬೂತಾಯಿ (ಸಾರ್ಡೀನ್) ಮರಿ, ಮದ್ಮಲ್ (ಪಿಂಕ್ ಪರ್ಚ್) ಮರಿ ಎಲ್ಲ ಇರತ್ತೆ. ಅದೇ ಊರಲ್ಲಿ ಮೀನು ಕಟ್ ಮಾಡೋರ ಪಕ್ಕ ತಲೆ, ಕರುಳು, ಮುಳ್ಳು ಬಕೆಟ್‌ನಲ್ಲಿ ನಾರ್ತಾ ಕೂತಿರತ್ತೆ. ನಂಗೆ ಇದು ಪೂರ್ತಿ ಉಲ್ಟಾ ಅನ್ಸತ್ತೆ.

ಫಿಶ್‌ಮೀಲ್ ಅಂದ್ರೆ ಮೀನು ಬೇಯ್ಸಿ, ಹಿಂಡಿ, ಎಣ್ಣೆ ನೀರು ತೆಗ್ದು, ಉಳಿದದ್ದನ್ನ ಒಣಗ್ಸಿ ಪುಡಿ ಮಾಡೋದು, ಅಷ್ಟೇ. ಸಾಕೋ ಮೀನು, ಸಿಗಡಿಯ ಆಹಾರಕ್ಕೆ, ಅಂದ್ರೆ ಫೀಡಿಗೆ, ಇದನ್ನ ಹಾಕ್ತಾರೆ. ಒಂದು ಕೆಜಿ ಪುಡಿಗೆ ನಾಲ್ಕೈದು ಕೆಜಿ ಹಸಿ ಮೀನು ಬೇಕು. ಅದಕ್ಕೆ ಮರಿ ಮೀನೇ ಯಾಕೆ ಸಾಯ್ಬೇಕು? ಸುರಿಮಿ (ಮೀನಿನ ಮಾಂಸ ಅರೆದು ಮಾಡೋ ಪೇಸ್ಟ್) ಫ್ಯಾಕ್ಟರಿಲಿ ಮದ್ಮಲ್‌ನ ಮಾಂಸ ತಗೊಂಡ್ಮೇಲೆ ಅರ್ಧಕ್ಕಿಂತ ಜಾಸ್ತಿ ಉಳಿಯತ್ತೆ. ಜಗತ್ತಲ್ಲಿ ಫಿಶ್‌ಮೀಲ್‌ನ ಮೂರನೇ ಒಂದು ಪಾಲು, ಮೀನೆಣ್ಣೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಈಗಾಗ್ಲೇ ಇಂಥ ಉಳಿಕೆಯಿಂದ್ಲೇ ಬರ್ತಿದೆ ಅಂತ ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒ 2024ರಲ್ಲಿ ಹೇಳಿದೆ.

ಉಳಿಕೆಯ ಪುಡಿ ಕ್ವಾಲಿಟಿ ಕಮ್ಮಿ ಅಂತಾರೆ. ನಿಜಾನೇ, ಮೂಳೆ ಜಾಸ್ತಿ ಆದ್ರೆ ಬೂದಿ (ಖನಿಜದ ಅಂಶ) ಜಾಸ್ತಿ, ಪ್ರೋಟೀನ್ ಕಮ್ಮಿ. ಸೋಯಾ ಹಿಂಡಿ ಜೊತೆ ಲೆಕ್ಕ ಹಾಕಿ ಬೆರೆಸೋದು ಫೀಡ್ ಮಾಡೋರಿಗೆ ಹೊಸ್ದೇನಲ್ಲ ಬಿಡಿ. ಅಸ್ಲಿ ತೊಂದ್ರೆ ಬಿಸಿಲು. ಬಂಗುಡೆ, ಬೂತಾಯಿ ಉಳಿಕೆ ಐಸ್ ಇಲ್ದೆ ಒಂದು ಮಧ್ಯಾಹ್ನ ಕೂತ್ರೆ ಹಿಸ್ಟಮಿನ್ ಅನ್ನೋ ವಿಷ ಏರತ್ತೆ, ಆಮೇಲೆ ಬೇಯ್ಸಿದ್ರೂ ಅದು ಹೋಗಲ್ಲ. ಇನ್ನೊಂದು, ಸಿಗಡಿ ತಲೆನ ಹಸಿಯಾಗಿ ಸಿಗಡಿ ಕೆರೆಗೇ ಹಾಕೋದು ಮಾತ್ರ ಬೇಡ್ವೇ ಬೇಡ, ಸಿಗಡಿನ ಕೊಲ್ಲೋ ವೈಟ್ ಸ್ಪಾಟ್ ವೈರಸ್ ರೋಗನ ನೀವೇ ಕರ್ದಂಗೆ.

ದೊಡ್ಡ ಮಿಲ್ಲೇ ಬೇಕು ಅಂತಾನೂ ಇಲ್ಲ. ಉಳಿಕೆನ ನುಣ್ಣಗೆ ಅರ್ದು, ಪ್ಲಾಸ್ಟಿಕ್ ಡ್ರಮ್‌ಗೆ ಹಾಕಿ, ನೂರು ಕೆಜಿಗೆ ಸುಮಾರು ಮೂರು ಕೆಜಿ ಫಾರ್ಮಿಕ್ ಆಸಿಡ್ ಬೆರೆಸಿ, ದಿನಾ ಕಲಕ್ತಾ ಇದ್ರೆ ಮೀನಿನ ಕರುಳಲ್ಲಿರೋ ಎನ್ಜೈಮೇ ಅದನ್ನೆಲ್ಲ ಕರಗಿಸ್ಬಿಡತ್ತೆ, ನಮ್ಮ ಸೆಕೆಗೆ ಕೆಲವೇ ದಿನ ಸಾಕು, ಗಟ್ಟಿ ಗಂಜಿ ಥರ ಆಗತ್ತೆ. ಪಿಎಚ್ ನಾಲ್ಕರ ಕೆಳಗಿದ್ರೆ ಕೊಳೆಯಲ್ಲ. ಗ್ಲೌಸ್ ಹಾಕ್ಕೊಳ್ಳಿ, ಕಬ್ಬಿಣದ ಡ್ರಮ್ ಬಳಸ್ಬೇಡಿ. ಇದನ್ನ ತೌಡಿನ ಜೊತೆ ಕಲ್ಸಿ ಒಣಗಿಸಿ ಫೀಡಿಗೆ ಸೇರಿಸ್ಬೋದು. ಚೆನ್ನೈನ ಸಿಬಾ (ಉಪ್ಪುನೀರಿನ ಮೀನು-ಸಿಗಡಿ ಸಾಕಣೆಯ ಸಂಶೋಧನಾ ಸಂಸ್ಥೆ) ದವ್ರು ಮೀನು ಮಾರ್ಕೆಟ್ ಕಸದಿಂದ್ಲೇ ಸಿಗಡಿ ಕೆರೆಗೆ ಹಾಕೋ ‘ಪ್ಲ್ಯಾಂಕ್ಟನ್ ಪ್ಲಸ್’ ಅನ್ನೋದನ್ನ ಮಾಡಿದಾರಲ್ಲ, ನಮ್ಮಲ್ಲಿ ಯಾಕಾಗಲ್ಲ?

ನಾನು ಕೇಳೋದಿಷ್ಟೇ. ಮಾರ್ಕೆಟಲ್ಲಿ ಕಸ ಎತ್ತೋಕೆ ಟೆಂಡರ್ ಕರೆಯೋ ಬದ್ಲು ಉಳಿಕೆನ ಕೆಜಿ ಲೆಕ್ಕದಲ್ಲಿ ಕೊಂಡ್ಕೊಳ್ಳೋರನ್ನ ಕರೀರಿ, ಕಟ್ ಮಾಡೋರಿಗೆ ಮುಚ್ಚಳ ಇರೋ ಡಬ್ಬಿ, ಐಸ್ ಕೊಡಿ. ನಾಲ್ಕು ಕಾಸು ಸಿಗತ್ತೆ ಅಂದ್ರೆ ಕರುಳನ್ನೂ ಅವ್ರೇ ಬೇರೆ ಎತ್ತಿಡ್ತಾರೆ, ಯಾರೂ ಹೇಳ್ಕೊಡ್ಬೇಕಾಗಿಲ್ಲ.