ಇನ್‌ಸ್ಟಾಲ್ ಎಲ್ಲಿ ನಿಂತಿತು ಹೇಳಿ

ಕೇಳುಗರಿಗೆ ನಮಸ್ಕಾರ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಹಳೆ ಕಂಪ್ಯೂಟರ್ ಮಾರುವ ಯಾವುದೇ ಅಂಗಡಿಗೆ ಈಗ ಹೋಗಿ ನೋಡಿ. ಆಫೀಸುಗಳಿಂದ ಬಂದ ಸಣ್ಣ ಸಣ್ಣ ಡೆಸ್ಕ್‌ಟಾಪ್‌ಗಳು ಒಂದರ ಮೇಲೊಂದು ಕೂತಿರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ, ಇಂಟೆಲ್‌ನ 7ನೇ ತಲೆಮಾರು ಮತ್ತು ಅದಕ್ಕೂ ಹಳೆಯ ಪ್ರೊಸೆಸರ್‌ಗಳನ್ನು ಅದು ಬಹುಪಾಲು ಒಪ್ಪುವುದಿಲ್ಲ. ಮಷಿನ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆಫೀಸಿಗೆ ಮಾತ್ರ ಬೇಡ. ಅದನ್ನು ಕಡಿಮೆ ದುಡ್ಡಿಗೆ ಮನೆಗೆ ತಂದು, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ, ರೌಟರ್ ಪಕ್ಕದಲ್ಲಿಟ್ಟು ಮನೆ ಸರ್ವರ್ ಮಾಡಿಕೊಳ್ಳುವವರು ಈಗ ಜಾಸ್ತಿ.

ಮನೆ ಸರ್ವರ್ ಅಂದರೆ ದೊಡ್ಡದೇನೂ ಅಲ್ಲ. ಹಗಲು ರಾತ್ರಿ ಆನ್ ಇರುವ ಒಂದು ಕಂಪ್ಯೂಟರ್. ಮನೆಯವರ ಫೋಟೋ, ವಿಡಿಯೋ, ಹೊಲದ ಕಾಗದಪತ್ರದ ಸ್ಕ್ಯಾನ್ ಎಲ್ಲ ಅದರಲ್ಲಿ ಇರುತ್ತವೆ. ಮನೆಯೊಳಗಿನ ಯಾವ ಮೊಬೈಲಿನಿಂದಲಾದರೂ ತೆಗೆದು ನೋಡಬಹುದು. ತಿಂಗಳ ಬಾಡಿಗೆ ಇಲ್ಲ.

ನಾನು ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇಂಥ ಮಷಿನ್ ಕೊಂಡವರಿಂದ ಬರುವ ಫೋನ್ ಬಹುತೇಕ ಒಂದೇ ಮಾತಿನಿಂದ ಶುರುವಾಗುತ್ತದೆ: "ಇನ್‌ಸ್ಟಾಲ್ ಆಗವಲ್ದ್ರಿ." ಆಮೇಲೆ ಬೇರೆ ಬೇರೆ ಲಿನಕ್ಸ್‌ಗಳ ಪಟ್ಟಿ. ಉಬುಂಟು ಹಾಕಿ ನೋಡಿದೆ, ಆಗಲಿಲ್ಲ. ಡೆಬಿಯನ್ ಹಾಕಿದೆ, ಆಗಲಿಲ್ಲ. ಮಿಂಟ್ ಹಾಕಿದೆ, ಅದೂ ಇಲ್ಲ. ಹೀಗೆ ಹೆಸರು ಬದಲಿಸುತ್ತ ಹೋಗುವುದು ನನಗೆ ಸರಿ ಕಾಣುವುದಿಲ್ಲ. ತೊಂದರೆ ಮಷಿನ್‌ನಲ್ಲಿ ಇದ್ದರೆ ಯಾವ ಲಿನಕ್ಸ್ ಹಾಕಿದರೂ ಅದೇ ಕಥೆ. ನಾನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ನಿಂತಿತು?

ಪೆನ್‌ಡ್ರೈವ್‌ನಿಂದ ಬೂಟ್ ಆಗಲೇ ಇಲ್ಲವೋ, ಅಂದರೆ ಮಷಿನ್ ಅದರಿಂದ ಶುರುವೇ ಆಗಲಿಲ್ಲವೋ? ಬೂಟ್ ಆಯಿತು, ಡಿಸ್ಕ್ ಕಾಣಲಿಲ್ಲವೋ? ಅರ್ಧಕ್ಕೆ ನಿಂತಿತೋ? ಅಥವಾ ಪೂರ್ತಿ ಮುಗಿದು, ರಿಸ್ಟಾರ್ಟ್ ಮಾಡಿದ ಮೇಲೆ ಕೈ ಕೊಟ್ಟಿತೋ? ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ.

ಈಚೆಗೆ ಬಾಗಲಕೋಟೆ ನವನಗರದಿಂದ ಒಬ್ಬ ನಿವೃತ್ತ ಮಾಸ್ತರರು ಫೋನ್ ಮಾಡಿದ್ದರು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಭಾಗ ಮುಳುಗಿದಾಗ ನವನಗರಕ್ಕೆ ಬಂದ ಮನೆತನ ಅವರದು. ಮುಳುಗಿದ ಓಣಿ, ಮನೆ, ಅಂಗಡಿಗಳ ಹಳೆ ಫೋಟೋಗಳನ್ನು ಮೊಮ್ಮಗ ಸ್ಕ್ಯಾನ್ ಮಾಡಿಕೊಟ್ಟಿದ್ದಾನೆ. ಅವನ್ನೆಲ್ಲ ಮನೆಯಲ್ಲೇ ಇಡಬೇಕು ಅನ್ನುವುದು ಆಸೆ. "ತಮ್ಮಾ, ಎಲ್ಲಾ ಸುಸೂತ್ರ ಆತು. ಕಡೀಕ್ ರಿಸ್ಟಾರ್ಟ್ ಮಾಡಂತು, ಮಾಡಿದೆ. ಈಗ ಕರಿ ಪರದಿ ಮ್ಯಾಲ ಒಂದ ಗೆರಿ ಮಿಣಕ್ ಮಿಣಕ್ ಅಂತೈತಿ ನೋಡು" ಅಂದರು. ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿಯೂ ನೋಡಿದ್ದರಂತೆ. ಅವರದು ನಾಲ್ಕನೇ ಥರದ ತೊಂದರೆ. ಆ ಮಿಣುಕುವ ಗೆರೆಗೆ ಆಮೇಲೆ ಬರುತ್ತೇನೆ. ಮೊದಲಿನಿಂದ ಹೋಗೋಣ.

ಪೆನ್‌ಡ್ರೈವ್. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು, ಅಂದರೆ ಇಡೀ ಲಿನಕ್ಸ್ ಕಟ್ಟಿಟ್ಟ ಒಂದೇ ಫೈಲನ್ನು, ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದವರು ಎಷ್ಟೋ ಮಂದಿ. ಹಿಟ್ಟಿನ ಡಬ್ಬಿಯನ್ನು ಹಂಚಿನ ಮೇಲೆ ಇಟ್ಟರೆ ರೊಟ್ಟಿ ಆಗುವುದಿಲ್ಲ, ಅಲ್ವಾ? ರೂಫಸ್ ಅಥವಾ ಬಲೇನಾ ಎಚರ್‌ನಂಥ ಸಾಫ್ಟ್‌ವೇರ್‌ನಿಂದ ಅದನ್ನು ಪೆನ್‌ಡ್ರೈವ್ ಮೇಲೆ ಬರೆಯಬೇಕು. ರೂಫಸ್‌ನಲ್ಲಿ ಕೆಲವು ಫೈಲ್‌ಗಳಿಗೆ "ಐಎಸ್‌ಒ ಮೋಡ್ ಬೇಕೋ, ಡಿಡಿ ಮೋಡ್ ಬೇಕೋ" ಎಂದು ಕೇಳುತ್ತದೆ. ಮೊದಲು ಐಎಸ್‌ಒ, ಬೂಟ್ ಆಗದಿದ್ದರೆ ಡಿಡಿ. ಎರಡರಲ್ಲೂ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿ ಹೋಗುತ್ತದೆ, ನೆನಪಿರಲಿ.

ಇನ್ನು ಡೌನ್‌ಲೋಡ್ ಪೂರ್ತಿ ಆಗಿದೆಯೋ ಇಲ್ಲವೋ ಅನ್ನುವುದು. ನಡುವೆ ನೆಟ್ ಹೋಗಿ ಬಂದರೆ ಫೈಲ್ ಕೆಡಬಹುದು. ಹೆಸರು ಅದೇ, ಗಾತ್ರವೂ ಹೆಚ್ಚು ಕಡಿಮೆ ಅದೇ, ಒಳಗೆ ಮಾತ್ರ ಹಾಳು. ಅದಕ್ಕೇ ಡೌನ್‌ಲೋಡ್ ಪುಟದಲ್ಲಿ ಶಾ 256 ಎಂಬ 64 ಅಕ್ಷರಗಳ ಒಂದು ಸಾಲು ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದೆ. ಅದು ನಿಮ್ಮ ಫೈಲಿಗೂ ಅಂಥದೇ ಸಾಲು ತೆಗೆದುಕೊಡುತ್ತದೆ. ಎರಡೂ ತಾಳೆ ಆದರೆ ಫೈಲ್ ಸರಿ ಇದೆ. ಎರಡು ನಿಮಿಷದ ಕೆಲಸ, ಯಾರೂ ಮಾಡುವುದಿಲ್ಲ.

ಯಾವುದರಿಂದ ಬೂಟ್ ಆಗಬೇಕು ಎಂದು ಆರಿಸುವ ಬೂಟ್ ಮೆನುವಿನ ಕೀಲಿ ಡೆಲ್‌ನಲ್ಲಿ, ಲೆನೊವೊದಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9. ಆನ್ ಮಾಡಿದ ಕೂಡಲೇ ಒತ್ತುತ್ತಾ ಇರಿ.

ಎರಡನೇ ಥರ. ಇನ್‌ಸ್ಟಾಲರ್ ಬಂತು, ಭಾಷೆ ಕೇಳಿತು, ಕೀಬೋರ್ಡ್ ಕೇಳಿತು, ಡಿಸ್ಕ್ ಆರಿಸುವ ಜಾಗಕ್ಕೆ ಬಂದರೆ ಪಟ್ಟಿಯೇ ಖಾಲಿ. ಡಿಸ್ಕ್ ಸತ್ತಿದೆ ಅಂತ ಹೊಸದು ತರಲು ಓಡಬೇಡಿ. ಆಫೀಸ್ ಮಷಿನ್‌ಗಳಲ್ಲಿ ಎಷ್ಟೋ ಸಲ ಬಯೋಸ್ ಒಳಗೆ, ಅಂದರೆ ಮಷಿನ್‌ನ ಮೂಲ ಸೆಟ್ಟಿಂಗ್‌ಗಳಿರುವ ಜಾಗದಲ್ಲಿ, ಡಿಸ್ಕ್ ಕಂಟ್ರೋಲರ್ ಅನ್ನು ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದು ಇಟ್ಟಿರುತ್ತಾರೆ. ಅದರಲ್ಲೂ ಎನ್‌ವಿಎಂಇ ಥರದ ಎಸ್‌ಎಸ್‌ಡಿ ಇದ್ದರೆ, ಆ ಸೆಟ್ಟಿಂಗ್ ಅದನ್ನು ಲಿನಕ್ಸ್‌ನ ಕಣ್ಣಿಗೆ ಬೀಳದಂತೆ ಮುಚ್ಚಿಬಿಡುತ್ತದೆ. ಬಯೋಸ್‌ಗೆ ಹೋಗಿ ಅದನ್ನು ಎಎಚ್‌ಸಿಐ ಮಾಡಿ. ಡಿಸ್ಕ್ ಕಾಣುತ್ತದೆ. ಒಂದು ಎಚ್ಚರಿಕೆ: ಅದೇ ಡಿಸ್ಕ್‌ನಲ್ಲಿ ಇನ್ನೂ ಬೇಕಾದ ವಿಂಡೋಸ್ ಇದ್ದರೆ ಈ ಬದಲಾವಣೆಯ ಮೇಲೆ ಅದು ಬೂಟ್ ಆಗದೆ ಹೋಗಬಹುದು. ಎಲ್ಲ ಅಳಿಸಿ ಹೊಸದಾಗಿ ಹಾಕುವವರಿಗೆ ಆ ಚಿಂತೆ ಇಲ್ಲ.

ಡಿಸ್ಕ್ ಬಯೋಸ್‌ನಲ್ಲೂ ಕಾಣದಿದ್ದರೆ ಮಾತು ಬೇರೆ. ಆಗ ಕೇಬಲ್ ನೋಡಿ. ಡಿಸ್ಕ್‌ಗೆ ಹೋಗುವ ಸಾಟಾ ಕೇಬಲ್ ಅಗ್ಗದ ವಸ್ತು. ಟೆಂಪೋದಲ್ಲಿ ಕುಲುಕಾಡಿ ಬಂದ ಮಷಿನ್‌ನಲ್ಲಿ ಅದು ಸಡಿಲ ಆಗಿರುವುದು ದೊಡ್ಡ ಮಾತಲ್ಲ.

ಇಲ್ಲೇ ಇನ್ನೊಂದು ಮಾತು. ಫೋಟೋ ತುಂಬಿದ ಹಳೆ ಡಿಸ್ಕ್ ಅದೇ ಮಷಿನ್‌ನಲ್ಲಿ ಇದ್ದರೆ, ಇನ್‌ಸ್ಟಾಲ್‌ಗೆ ಮೊದಲು ಅದರ ಕೇಬಲ್ ಕಳಚಿ ಇಡಿ. "ಪೂರ್ತಿ ಡಿಸ್ಕ್ ಬಳಸು" ಅಂದಾಗ ಇನ್‌ಸ್ಟಾಲರ್‌ಗೆ ಯಾವುದು ಹೊಸದು, ಯಾವುದು ಅಪ್ಪನ ಮದುವೆ ಫೋಟೋ ಇರುವುದು ಅನ್ನುವುದು ಗೊತ್ತಿರುವುದಿಲ್ಲ.

ಮೂರನೇ ಥರವೇ ಜನರನ್ನು ಜಾಸ್ತಿ ಸತಾಯಿಸುವುದು. ಅರ್ಧಕ್ಕೆ ನಿಲ್ಲುವುದು. ಇಲ್ಲಿ ನಾನು ಮೊದಲು ಗಮನಿಸುವುದು ಇದು: ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೋ, ಒಂದೊಂದು ಸಲ ಒಂದೊಂದು ಜಾಗದಲ್ಲೋ?

ಒಂದೇ ಜಾಗದಲ್ಲಿ ನಿಂತರೆ ಮೊದಲ ಅನುಮಾನ ಪೆನ್‌ಡ್ರೈವ್ ಮೇಲೆ. ಬೇರೆ ಪೆನ್‌ಡ್ರೈವ್‌ಗೆ ಬರೆದು ನೋಡಿ. ಸಂತೆಯಲ್ಲಿ ಸಿಗುವ ಅಗ್ಗದ 64 ಜಿಬಿ ಪೆನ್‌ಡ್ರೈವ್‌ಗಳಲ್ಲಿ ನಿಜವಾಗಿ ಅಷ್ಟು ಜಾಗವೇ ಇಲ್ಲದ ನಕಲಿಗಳು ಇರುತ್ತವೆ. ಬರೆದಂತೆ ತೋರಿಸುತ್ತವೆ, ಓದಲು ಹೋದರೆ ಏನೂ ಇರುವುದಿಲ್ಲ. ಆಮೇಲೆ ಡಿಸ್ಕ್. ಪೆನ್‌ಡ್ರೈವ್‌ನಿಂದಲೇ ಇನ್‌ಸ್ಟಾಲ್ ಮಾಡದೆ ಓಡುವ ಲೈವ್ ಲಿನಕ್ಸ್ ಓಡಿಸಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಬಹುದು. ಅದರಲ್ಲಿ ಡಿಸ್ಕ್‌ನ ಕೆಟ್ಟ ಜಾಗಗಳನ್ನು ಎಣಿಸುವ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳ ಮುಂದೆ ಸೊನ್ನೆ ಇದ್ದರೆ ಒಳ್ಳೆಯದು. ಸಂಖ್ಯೆ ನೋಡುನೋಡುತ್ತಾ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಮನೆಯ ಫೋಟೋ ಇಡಬೇಡಿ. ಇನ್‌ಸ್ಟಾಲ್ ಹೇಗೋ ಆದರೂ ಬೇಡ.

ಬೇರೆ ಬೇರೆ ಜಾಗದಲ್ಲಿ ನಿಂತರೆ ರ‍್ಯಾಮ್, ಕರೆಂಟು, ಕಾವು. ರ‍್ಯಾಮ್‌ಗೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಇದೆ. ರಾತ್ರಿ ಮಲಗುವಾಗ ಹಚ್ಚಿಬಿಡಿ, ಬೆಳಿಗ್ಗೆ ಒಂದು ದೋಷ ತೋರಿಸಿದರೂ ಆ ರ‍್ಯಾಮ್ ನಂಬಬೇಡಿ. ಎರಡು ರ‍್ಯಾಮ್ ಪಟ್ಟಿ ಇದ್ದರೆ ಒಂದನ್ನು ತೆಗೆದು, ಒಂದೊಂದನ್ನೇ ಹಾಕಿ ನೋಡಿ. ಅದರ ಲೋಹದ ಕಾಲುಗಳಿಗೆ ಹಿಡಿದ ತುಕ್ಕು ಧೂಳು ಒರೆಸಿ ಮತ್ತೆ ಒತ್ತಿ ಕೂರಿಸಿದರೆ ಸರಿಹೋಗುವುದೂ ಉಂಟು.

ಕರೆಂಟಿನ ವಿಷಯ ನಮ್ಮ ಕಡೆಯವರು ಮರೆಯುವ ಹಾಗೇ ಇಲ್ಲ. ಮನೆಯ ಇನ್ವರ್ಟರ್ ಹಿಂದೆ ಬಹಳ ಸಲ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ. ನಾರ್ಮಲ್‌ನಲ್ಲಿ ಇದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ತುಸು ತಡ. ಫ್ಯಾನು ಲೈಟಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ಮಾತ್ರ ರಿಸ್ಟಾರ್ಟ್ ಆಗುತ್ತದೆ. ಸ್ವಿಚ್ ಯುಪಿಎಸ್ ಕಡೆ ಇದೆಯಾ ನೋಡಿ, ಆಮೇಲೆ ಇನ್‌ಸ್ಟಾಲ್ ಶುರುಮಾಡಿ. ಇನ್ನು ಕಾವು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ವರ್ಷಗಟ್ಟಲೆ ಆಫೀಸ್ ಟೇಬಲ್ ಕೆಳಗಿದ್ದ ಮಷಿನ್‌ನ ಫ್ಯಾನಿನಲ್ಲಿ ಧೂಳು ಗಡ್ಡೆ ಕಟ್ಟಿರುತ್ತದೆ, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರುತ್ತದೆ. ಬಿಚ್ಚಿ ಸ್ವಚ್ಛ ಮಾಡಿ, ಹೊಸ ಪೇಸ್ಟ್ ಹಚ್ಚಿ.

ನೆಟ್‌ನಿಂದ ಪ್ಯಾಕೇಜ್ ಎಳೆಯುವಾಗ ನಿಂತರೆ ವೈಫೈ ಬಿಟ್ಟು ಕೇಬಲ್ ಹಾಕಿ. ಡೆಬಿಯನ್ ಹಾಕುವವರು ಹಳೆ ಆವೃತ್ತಿ ಬರೆದಿಟ್ಟ ಪೆನ್‌ಡ್ರೈವ್ ಬಳಸಬೇಡಿ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ವೈಫೈ ಕಾರ್ಡುಗಳಿಗೆ ಬೇಕಾದ ಫರ್ಮ್‌ವೇರ್, ಅಂದರೆ ಕಾರ್ಡ್ ಓಡಿಸುವ ಸಣ್ಣ ಸಾಫ್ಟ್‌ವೇರ್, ಇನ್‌ಸ್ಟಾಲರ್ ಒಳಗೇ ಇದೆ.

ಈಗ ಮಾಸ್ತರರ ಮಿಣುಕುವ ಗೆರೆ.

ಕಂಪ್ಯೂಟರ್ ಬೂಟ್ ಆಗಲು ಎರಡು ದಾರಿ. ಹಳೆಯದು ಲೆಗಸಿ. ಅದು ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್, ಅಂದರೆ ಮೊದಲ ಸಣ್ಣ ತುಣುಕನ್ನು, ಓದುತ್ತದೆ. ಡಿಸ್ಕ್ ಹಂಚಿಕೆಯ ಲೆಕ್ಕವನ್ನು ಆ ಸೆಕ್ಟರ್‌ನಲ್ಲೇ ಇಡುವ ಎಂಬಿಆರ್ ಪದ್ಧತಿ 1983ರದು, ಎರಡು ಟಿಬಿಗಿಂತ ದೊಡ್ಡ ಡಿಸ್ಕ್ ಪೂರ್ತಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಹೊಸ ದಾರಿ ಯುಇಎಫ್‌ಐ. ಅದು ಜಿಪಿಟಿ ಎಂಬ ಹೊಸ ಹಂಚಿಕೆಯ ಡಿಸ್ಕ್‌ನಲ್ಲಿ ಒಂದು ಸಣ್ಣ ಫ್ಯಾಟ್ 32 ಭಾಗವನ್ನು ಹುಡುಕಿ, ಅಲ್ಲಿರುವ ಫೈಲ್‌ನಿಂದ ಬೂಟ್ ಮಾಡುತ್ತದೆ. ನೀವು ಪೆನ್‌ಡ್ರೈವ್‌ನಿಂದ ಯಾವ ದಾರಿಯಲ್ಲಿ ಬಂದಿರೋ ಇನ್‌ಸ್ಟಾಲರ್ ಸಾಮಾನ್ಯವಾಗಿ ಅದೇ ದಾರಿಗೆ ತಕ್ಕಂತೆ ಹಾಕುತ್ತದೆ.

ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಯುಇಎಫ್‌ಐ ಅಂತ ಇರುತ್ತದೆ. ಮಾಸ್ತರರು ಅದನ್ನೇ ಆರಿಸಿದ್ದರು. ಸರಿಯಾದದ್ದನ್ನೇ. ಆದರೆ ಆ ಮಷಿನ್‌ನ ಬಯೋಸ್‌ನಲ್ಲಿ, ಹಳೆ ಆಫೀಸಿನವರು ಯಾವುದೋ ಕಾಲದಲ್ಲಿ ಇಟ್ಟ ಲೆಗಸಿ ಸೆಟ್ಟಿಂಗ್ ಹಾಗೇ ಉಳಿದಿತ್ತು. ಪೆನ್‌ಡ್ರೈವ್ ತೆಗೆದು ರಿಸ್ಟಾರ್ಟ್ ಮಾಡಿದರೆ ಮಷಿನ್ ಹಳೆ ದಾರಿ ಹಿಡಿದು ಮೊದಲ ಸೆಕ್ಟರ್‌ಗೆ ಹೋಗುತ್ತಿತ್ತು. ಅಲ್ಲಿ ಓಡಿಸುವಂಥದ್ದು ಏನೂ ಇಲ್ಲ. ಅದಕ್ಕೇ ಕಪ್ಪು ಸ್ಕ್ರೀನು, ಮಿಣುಕು ಗೆರೆ.

"ಮಾಸ್ತರ್ರ, ಮತ್ತೊಮ್ಮೆ ಇನ್‌ಸ್ಟಾಲ್ ಮಾಡಬ್ಯಾಡ್ರಿ" ಅಂದೆ. ಫೋನಿನಲ್ಲೇ ಬಯೋಸ್‌ಗೆ ಕರೆದುಕೊಂಡು ಹೋಗಿ, ಬೂಟ್ ಮೋಡ್ ಅನ್ನು ಯುಇಎಫ್‌ಐಗೆ ಬದಲಿಸಿ, ಸೇವ್ ಮಾಡಿಸಿದೆ. ಡಿಸ್ಕ್ ಮೇಲೆ ಎಲ್ಲವೂ ಸರಿಯಾಗೇ ಕೂತಿತ್ತು. ಲಾಗಿನ್ ಕೇಳುವ ಸ್ಕ್ರೀನ್ ನೇರ ಬಂತು. ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾ ಅಂತ ಕೇಳಿದರು. ಉಬುಂಟು, ಡೆಬಿಯನ್ ಎರಡೂ ಅದರ ಜೊತೆ ನಡೆಯುತ್ತವೆ. ಸುಮ್ನೆ ಮುಟ್ಟುವುದು ಬೇಡ.

ಪೆನ್‌ಡ್ರೈವ್ ಚುಚ್ಚಿದ್ದರೆ ಮಾತ್ರ ಬೂಟ್ ಆಗುತ್ತದೆ, ತೆಗೆದರೆ ಇಲ್ಲ ಅನ್ನುವವರೂ ಇದ್ದಾರೆ. ಅವರ ಬೂಟ್ ಲೋಡರ್, ಅಂದರೆ ಲಿನಕ್ಸ್ ಶುರುಮಾಡುವ ಸಣ್ಣ ಪ್ರೋಗ್ರಾಂ, ಪೆನ್‌ಡ್ರೈವ್ ಮೇಲೆಯೇ ಹೋಗಿ ಕೂತಿರುತ್ತದೆ. ಇನ್ನು ಕೆಲವರಿಗೆ ನಿನ್ನೆ ಬೂಟ್ ಆದದ್ದು ಇವತ್ತು ಆಗುವುದಿಲ್ಲ, ತಾರೀಖು ಕೂಡ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಮದರ್‌ಬೋರ್ಡ್ ಮೇಲಿನ ಗುಂಡನೆ ಸೆಲ್, ಸಿಆರ್ 2032, ಮುಗಿದಿದೆ ಎಂದರ್ಥ. ಕರೆಂಟು ಹೋದಾಗಲೆಲ್ಲ ಬಯೋಸ್ ಸೆಟ್ಟಿಂಗ್ ಮರೆತುಹೋಗುತ್ತಿದೆ. ತಾರೀಖು ತಪ್ಪಿದ್ದರೆ ಅಪ್‌ಡೇಟ್ ಕೂಡ ಇಳಿಯುವುದಿಲ್ಲ. ವಾಚಿನ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ.

ಕೆಟ್ಟಿಲ್ಲದಿದ್ದರೂ ಕೆಟ್ಟಂತೆ ಕಾಣುವವು ಕೆಲವು ಇವೆ. ಉಬುಂಟು ಸರ್ವರ್ ಬೂಟ್ ಆಗುವಾಗ ನೆಟ್‌ವರ್ಕ್‌ಗಾಗಿ ಕಾಯುತ್ತಾ ಎರಡು ನಿಮಿಷ ನಿಲ್ಲಬಹುದು. ಹ್ಯಾಂಗ್ ಆಯಿತು ಅಂತ ಬಟನ್ ಒತ್ತಿ ಆಫ್ ಮಾಡಬೇಡಿ. ಒಂದು ಟಿಬಿ ಡಿಸ್ಕ್ ಹಾಕಿದ್ದೇನೆ, 100 ಜಿಬಿ ಮಾತ್ರ ತೋರಿಸುತ್ತಿದೆ ಅನ್ನುವುದೂ ಅಂಥದೇ. ಉಬುಂಟು ಸರ್ವರ್‌ನ ಇನ್‌ಸ್ಟಾಲರ್ ಡಿಸ್ಕ್ ಹಂಚಲು ಎಲ್‌ವಿಎಂ ಎಂಬ ಪದ್ಧತಿ ಬಳಸಿದಾಗ ದೊಡ್ಡ ಡಿಸ್ಕ್‌ನಲ್ಲಿ ಮೊದಲಿಗೆ 100 ಜಿಬಿಯನ್ನಷ್ಟೇ ಕೊಡುತ್ತದೆ. ಉಳಿದದ್ದು ಎಲ್ಲಿಯೂ ಹೋಗಿಲ್ಲ, ಆಮೇಲೆ ಸೇರಿಸಿಕೊಳ್ಳಬಹುದು. ಕೀಬೋರ್ಡ್ ತೆಗೆದು ಮೂಲೆಯಲ್ಲಿಟ್ಟ ಕೂಡಲೇ ಬೂಟ್ ಆಗದೆ ನಿಂತರೆ, "ಕೀಬೋರ್ಡ್ ಇಲ್ಲ, ಎಫ್ 1 ಒತ್ತಿ" ಎಂದು ಬಯೋಸ್ ಕಾಯುತ್ತಿರಬಹುದು. ಅದನ್ನು ಆಫ್ ಮಾಡುವ ಆಯ್ಕೆ ಬಯೋಸ್‌ನಲ್ಲೇ ಇರುತ್ತದೆ. ಕರೆಂಟು ಬಂದ ಮೇಲೆ ತಾನಾಗೇ ಆನ್ ಆಗುವ ಸೆಟ್ಟಿಂಗ್ ಕೂಡ ಅಲ್ಲೇ. ಎರಡನ್ನೂ ಒಟ್ಟಿಗೆ ಮಾಡಿಬಿಡಿ.

ಇಷ್ಟೆಲ್ಲ ನೋಡಿಯೂ ಆಗದಿದ್ದರೆ ಇನ್‌ಸ್ಟಾಲರ್ ತಾನೇ ಬರೆದಿಟ್ಟ ಲಾಗ್ ನೋಡಿ. ನಿಂತ ಸ್ಕ್ರೀನ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್ 2 ಒಟ್ಟಿಗೆ ಒತ್ತಿದರೆ ಬಹುಪಾಲು ಇನ್ನೊಂದು ಕಪ್ಪು ಸ್ಕ್ರೀನ್ ತೆರೆಯುತ್ತದೆ. ಉಬುಂಟು ಸರ್ವರ್‌ನ ಲಾಗ್ ವಾರ್ ಫೋಲ್ಡರ್ ಒಳಗೆ, ಲಾಗ್ ಒಳಗೆ, ಇನ್‌ಸ್ಟಾಲರ್ ಎಂಬ ಫೋಲ್ಡರ್‌ನಲ್ಲಿ ಇರುತ್ತದೆ. ಕೊನೆಯ ಇಪ್ಪತ್ತು ಮೂವತ್ತು ಸಾಲು ಸಾಕು. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಎರರ್, ಫೇಲ್ಡ್ ಎಂಬ ಪದ ಇರುವ ಸಾಲು ಕಣ್ಣಿಗೆ ಬೀಳುತ್ತದೆ. ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ವಿಡಿಯೋ ಬೇಡ, ಅಕ್ಷರ ಕಾಣುವುದಿಲ್ಲ.

ಆ ಫೋಟೋ ಜೊತೆ ಮಷಿನ್‌ನ ಮಾಡೆಲ್, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು, ಯುಇಎಫ್‌ಐನಲ್ಲಿ ಬಂದಿರೋ ಲೆಗಸಿಯಲ್ಲೋ, ಎಲ್ಲಿ ನಿಂತಿತು, ಇಷ್ಟು ಬರೆದು ನಿಮ್ಮೂರಿನ ರಿಪೇರಿಯವರಿಗೋ, ಓಣಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೋ ಕಳಿಸಿ. "ಆಗವಲ್ದು" ಅಂದರೆ ಅವರು ಬಂದು ನೋಡಬೇಕಾಗುತ್ತದೆ. ಇಷ್ಟು ಬರೆದು ಕಳಿಸಿದರೆ ಬಹಳ ಸಲ ಫೋನಿನಲ್ಲೇ ಮುಗಿಯುತ್ತದೆ.

ನಮಸ್ಕಾರ.