ಡೇರಿಯ ಚೀಟಿಯ ಹಿಂದಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಡೇರಿಗೆ ಹಾಲು ಹಾಕಿದಾಗ ಕೈಗೆ ಕೊಡುವ ಚೀಟಿಯನ್ನು ಒಮ್ಮೆ ಬಿಡಿಸಿ ಓದಿ. ತಾರೀಖು, ಬೆಳಗಿನ ಹಾಲೋ ಸಂಜೆಯದೋ, ಸದಸ್ಯರ ನಂಬರು, ಹಸುವೋ ಎಮ್ಮೆಯೋ, ಎಷ್ಟು ಲೀಟರು, ಫ್ಯಾಟ್ ಅಂದರೆ ಕೊಬ್ಬು ಎಷ್ಟು, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟು, ಲೀಟರಿಗೆ ದರ ಎಷ್ಟು, ಒಟ್ಟು ಎಷ್ಟು ರೂಪಾಯಿ. ಒಂದು ವ್ಯಾಪಾರ ನಡೆಯಲು ಬೇಕಾದ ಮಾಹಿತಿ ಬಹುಪಾಲು ಆ ತುಂಡು ಕಾಗದದಲ್ಲೇ ಇದೆ. ಬಿ.ಕಾಂ., ಬಿ.ಬಿ.ಎ. ಓದುವ ಮಕ್ಕಳಿಗೆ ಮಾಹಿತಿ ವ್ಯವಸ್ಥೆ ಎಂಬ ಪಾಠವಿರುತ್ತದೆ. ಅಲ್ಲಿ ಬರುವ ಉದಾಹರಣೆಗಳು ಹೆಚ್ಚಾಗಿ ದೊಡ್ಡ ಕಂಪನಿಗಳವು. ಆ ಪಾಠವನ್ನು ಕಣ್ಣಾರೆ ಕಂಡು ಕಲಿಯಲು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ದಿನಕ್ಕೆ ಎರಡು ಹೊತ್ತು, ಹಬ್ಬ ಹರಿದಿನಗಳಲ್ಲೂ ತಪ್ಪದೆ ಖರೀದಿ. ನೂರಿನ್ನೂರು ಜನ ಮಾರುವವರು. ಕೆಲವೇ ಗಂಟೆಗಳಲ್ಲಿ ಕೆಡುವ ಸರಕು. ಅದರ ಮೇಲೆ ಒಬ್ಬೊಬ್ಬರ ಹಾಲಿಗೆ ಒಂದೊಂದು ದರ.

ಕರ್ನಾಟಕದಲ್ಲಿ ಈ ಏರ್ಪಾಡು ಮೂರು ಹಂತದ್ದು. ಹಳ್ಳಿಗೆ ಸಂಘ, ಅದರ ಮೇಲೆ ಜಿಲ್ಲೆಯ ಅಥವಾ ಎರಡು ಮೂರು ಜಿಲ್ಲೆಗಳ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ, ಅಂದರೆ ಕೆಎಂಎಫ್. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಮಹಾಮಂಡಳವಾಯಿತು. ಹಾಲು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ದುಡ್ಡು ಮೇಲಿನಿಂದ ಕೆಳಕ್ಕೆ ಬರುತ್ತದೆ. ನಡುವೆ ಒಂದು ಅಂಕಿ ತಪ್ಪಿದರೂ ಯಾರದೋ ಜೇಬಿಗೆ ಕತ್ತರಿ ಬೀಳುತ್ತದೆ. ಹಾಗಾಗಿ ಯಂತ್ರ ತಂದದ್ದರ ಬಗ್ಗೆ ಕಡಿಮೆ ಮಾತಾಡಿ, ಅಂಕಿ ಎಲ್ಲೆಲ್ಲಿ ತಪ್ಪುತ್ತದೆ ಎಂಬುದರ ಬಗ್ಗೆ ಹೆಚ್ಚು ಹೇಳುತ್ತೇನೆ.

ಮೊದಲು ತೂಕ. ಹಾಲು ನೀರಿಗಿಂತ ಭಾರ. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ತೋರಿಸುವುದು ಕೆ.ಜಿ.ಯನ್ನು, ದರ ಇರುವುದು ಲೀಟರಿಗೆ. ಆದ್ದರಿಂದ ತಂತ್ರಾಂಶದಲ್ಲಿ 1.03ರಿಂದ ಭಾಗಿಸುವ ಆಯ್ಕೆ ಇರುತ್ತದೆ. ಹೊಸ ಕಂಪ್ಯೂಟರ್ ಹಾಕಿದಾಗ, ಇಲ್ಲವೆ ತಂತ್ರಾಂಶವನ್ನು ಮತ್ತೆ ತುಂಬಿದಾಗ ಈ ಆಯ್ಕೆ ಆಫ್ ಆಗಿ ಉಳಿದುಬಿಡುವುದುಂಟು. ಆಗ 200 ಕೆ.ಜಿ. ಹಾಲು 200 ಲೀಟರ್ ಎಂದೇ ದಾಖಲಾಗುತ್ತದೆ. ನಿಜವಾಗಿ ಇರುವುದು 194 ಲೀಟರ್. ಸಂಘ ರೈತರಿಗೆ 200 ಲೀಟರಿಗೆ ದುಡ್ಡು ಕೊಡುತ್ತದೆ, ಒಕ್ಕೂಟ ಸಂಘಕ್ಕೆ 194ಕ್ಕೆ ಕೊಡುತ್ತದೆ. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೂ ಒಂದು ಹೊತ್ತಿಗೆ 210 ರೂಪಾಯಿ ಸಂಘದ ಕೈಬಿಟ್ಟಿತು. ತಿಂಗಳಿಗೆ 60 ಹೊತ್ತು, 12,600 ರೂಪಾಯಿ. ಯಾರೂ ಕದ್ದಿರುವುದಿಲ್ಲ, ಆದರೂ ವರ್ಷದ ಕೊನೆಗೆ ಕಾರ್ಯದರ್ಶಿಯ ಮೇಲೆ ಅನುಮಾನ ಬರುತ್ತದೆ.

ಇನ್ನೊಂದು ತಪ್ಪು ನೋಡಲು ಸಣ್ಣದು, ಆದರೆ ರೈತರಿಗೆ ನೇರವಾಗಿ ತಟ್ಟುವಂಥದು. 4 ಲೀಟರ್ 280 ಮಿಲಿ ಹಾಲನ್ನು ಚೀಟಿಯಲ್ಲಿ 4.2 ಎಂದು ಬರೆದು ಉಳಿದ 80 ಮಿಲಿಯನ್ನು ಕತ್ತರಿಸುವುದು. ಹೀಗೆ 100 ಮಿಲಿಯ ಕೆಳಗಿನದನ್ನು ಕತ್ತರಿಸುತ್ತ ಹೋದರೆ ಸರಾಸರಿ ಒಬ್ಬರಿಗೆ ಹೊತ್ತಿಗೆ 50 ಮಿಲಿ ಹೋಗುತ್ತದೆ. 150 ಜನ, ಎರಡು ಹೊತ್ತು ಎಂದರೆ ದಿನಕ್ಕೆ 15 ಲೀಟರ್. ತಕ್ಕಡಿ 10 ಗ್ರಾಂವರೆಗೆ ತೋರಿಸುತ್ತದೆ ಎಂದಾದರೆ ಚೀಟಿಯಲ್ಲೂ ದಶಾಂಶದ ಎರಡು ಸ್ಥಾನ ಇರಲೇಬೇಕು. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸುವುದು ಎರಡು ನಿಮಿಷದ ಕೆಲಸ. ಅದಕ್ಕೆ ಬೇಕಾದದ್ದು ಆಡಳಿತ ಮಂಡಳಿಯ ಮನಸ್ಸು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಹಾಲು ಸುರಿಯುವ ಮುಂಚೆ ಪಾತ್ರೆಯ ತೂಕ ಸೊನ್ನೆಗೆ ಬಂದಿದೆಯೇ, ಅಂಕಿ ಅಲುಗಾಡುವುದು ನಿಂತ ಮೇಲೆ ಬಟನ್ ಒತ್ತಿದರೇ ಎಂಬುದನ್ನು ರೈತರೇ ನೋಡುವ ಹಾಗೆ ಒಂದು ಡಿಸ್‌ಪ್ಲೇ ಅವರ ಕಡೆಗೆ ಮುಖ ಮಾಡಿರಬೇಕು.

ಎರಡನೆಯದು ಪರೀಕ್ಷೆ. ಹಿಂದೆ ಫ್ಯಾಟ್ ನೋಡಲು ಹೆಚ್ಚಾಗಿ ಗರ್ಬರ್ ವಿಧಾನ ಬಳಸುತ್ತಿದ್ದರು. ಬ್ಯುಟೈರೋಮೀಟರ್ ಎಂಬ ಗಾಜಿನ ನಳಿಕೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, 65 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ಗೆರೆ ಓದುವುದು. ಫಲಿತಾಂಶ ನಿಖರ, ಆದರೆ ಸಾಲಿನಲ್ಲಿ ನಿಂತವರಿಗೆ ಆಗಲೇ ಸಿಗುತ್ತಿರಲಿಲ್ಲ. ಈಗಿನ ಅನಲೈಜರ್ ಹಾಲಿನೊಳಗೆ ಶ್ರವಣಾತೀತ ಧ್ವನಿಯ ಅಲೆ ಹಾಯಿಸಿ, ಅದು ಸಾಗುವ ರೀತಿಯಿಂದ ಫ್ಯಾಟ್, ಎಸ್‌ಎನ್‌ಎಫ್ ಎರಡನ್ನೂ ಒಂದು ನಿಮಿಷದ ಆಜುಬಾಜಿನಲ್ಲಿ ಹೇಳುತ್ತದೆ. ಕೇಬಲ್ ಮೂಲಕ ಆ ಅಂಕಿ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಕೈಬರಹ ಇಲ್ಲ, ತಿದ್ದುವುದಿಲ್ಲ. ವ್ಯಾಪಾರಕ್ಕೆ ತಂತ್ರಜ್ಞಾನ ಕೊಡುವ ದೊಡ್ಡ ಬಲ ಇಲ್ಲಿದೆ: ಅಳತೆ ಹುಟ್ಟಿದ ಜಾಗದಲ್ಲೇ ದಾಖಲಾಗುತ್ತದೆ, ನಡುವೆ ಯಾರ ಕೈಯೂ ತಗಲುವುದಿಲ್ಲ.

ಆದರೆ ಅನಲೈಜರ್ ಸೂಕ್ಷ್ಮ. ನೊರೆ ಇರುವ ಹಾಲು ಕೊಟ್ಟರೆ ಗಾಳಿಗುಳ್ಳೆ ಸೇರಿ ಅಂಕಿ ಏರುಪೇರಾಗುತ್ತದೆ. ಸ್ಯಾಂಪಲ್ ತೆಗೆಯುವ ಮುಂಚೆ ಹಾಲನ್ನು ಚೆನ್ನಾಗಿ ಕಲಕದಿದ್ದರೆ ಮೇಲಿನ ಕೆನೆ ಬಂದು ಫ್ಯಾಟ್ ಹೆಚ್ಚು ತೋರಿಸುತ್ತದೆ, ಇಲ್ಲವೆ ತಳದ ಹಾಲು ಬಂದು ಕಡಿಮೆ. ಎಮ್ಮೆ ಹಾಲಿಗೆ ಇಟ್ಟ ಚಾನೆಲ್ಲನ್ನು ಬದಲಿಸದೆ ಹಸುವಿನ ಹಾಲು ಪರೀಕ್ಷೆ ಮಾಡಿದರೆ ಲೆಕ್ಕವೇ ತಪ್ಪು. ಒಳಗಿನ ಸಣ್ಣ ಕೊಳವೆಯಲ್ಲಿ ಜಿಡ್ಡು ಕಟ್ಟಿದರೆ ದಿನದಿಂದ ದಿನಕ್ಕೆ ಅಂಕಿ ನಿಧಾನವಾಗಿ ಜಾರುತ್ತದೆ, ಅದು ಸುಲಭಕ್ಕೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಪ್ರತಿ ಹೊತ್ತಿನ ಕೊನೆಗೆ ಬಿಸಿನೀರು, ತಯಾರಕರು ಹೇಳಿದ ಕ್ಷಾರದ್ರಾವಣ, ಅವರು ಹೇಳಿದ ಅಂತರಕ್ಕೆ ಆಮ್ಲದ್ರಾವಣ ಹಾಯಿಸಬೇಕು. ವಾರಕ್ಕೊಮ್ಮೆ ಅದೇ ಹಾಲನ್ನು ಗರ್ಬರ್ ವಿಧಾನದಲ್ಲೂ ನೋಡಿ ಎರಡನ್ನೂ ಒಂದು ಪುಸ್ತಕದಲ್ಲಿ ಪಕ್ಕಪಕ್ಕ ಬರೆದಿಡಿ. ವ್ಯತ್ಯಾಸ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಯಂತ್ರಕ್ಕೆ ಕ್ಯಾಲಿಬ್ರೇಶನ್, ಅಂದರೆ ಅಳತೆಯನ್ನು ಮತ್ತೆ ಸರಿಹೊಂದಿಸುವುದು, ಬೇಕು ಎಂದರ್ಥ. ಇನ್ನೊಂದು ಮಾತು: ಹಾಲಿಗೆ ಸಕ್ಕರೆ ಬೆರೆಸಿದರೆ ಎಸ್‌ಎನ್‌ಎಫ್ ಏರುತ್ತದೆ. ಸಾದಾ ಅನಲೈಜರ್ ಅದನ್ನು ಒಳ್ಳೆಯ ಹಾಲು ಎಂದೇ ಓದುತ್ತದೆ. ಕಲಬೆರಕೆಗೆ ರಾಸಾಯನಿಕ ಪರೀಕ್ಷೆ ಬೇರೆಯಾಗಿಯೇ ಆಗಬೇಕು.

ಎಸ್‌ಎನ್‌ಎಫ್ ಲೆಕ್ಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಓದುವ ಕಡೆ ಒಂದು ಸೂತ್ರವಿದೆ: ಉಷ್ಣಾಂಶಕ್ಕೆ ತಕ್ಕಂತೆ ಸರಿಪಡಿಸಿದ ಲ್ಯಾಕ್ಟೋಮೀಟರ್ ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಫ್ಯಾಟ್‌ನ ಐದನೇ ಒಂದು ಭಾಗ ಕೂಡಿಸಿ, ಕೊನೆಗೆ ಒಂದು ಸ್ಥಿರಾಂಕ ಕೂಡಿಸುವುದು. ಡಿಗ್ರಿ 28, ಫ್ಯಾಟ್ 4 ಎನ್ನಿ. 28ರಲ್ಲಿ ನಾಲ್ಕನೇ ಒಂದು 7, ಫ್ಯಾಟಿನ ಪಾಲು 0.8, ಒಟ್ಟು 7.8. ಸ್ಥಿರಾಂಕ 0.36 ಆದರೆ ಎಸ್‌ಎನ್‌ಎಫ್ 8.16. ಅದೇ 0.72 ಆದರೆ 8.52. ಹಾಲು ಒಂದೇ, ಹಸು ಒಂದೇ. ದರಪಟ್ಟಿ 8.5ಕ್ಕೆ ಗೆರೆ ಎಳೆದಿದ್ದರೆ ಒಂದರಲ್ಲಿ ಪೂರ್ತಿ ದರ, ಇನ್ನೊಂದರಲ್ಲಿ ಕಡಿತ. ಯಾವ ಸ್ಥಿರಾಂಕ ಎಂಬುದನ್ನು ಗೊತ್ತುಮಾಡುವುದು ಒಕ್ಕೂಟ. ತಂತ್ರಾಂಶದಲ್ಲಿ ಅದೇ ಅಂಕಿ ಇದೆಯೇ ಎಂದು ನೋಡಿ, ಗೋಡೆಯ ಮೇಲೆ ಬರೆದು ಹಾಕಬೇಕಾದದ್ದು ಸಂಘ.

ದರಪಟ್ಟಿಯೂ ಹಾಗೆಯೇ. ಒಕ್ಕೂಟ ಹೊಸ ದರ ಕಳಿಸಿದಾಗ ಯಾವ ತಾರೀಖಿನಿಂದ, ಯಾವ ಹೊತ್ತಿನಿಂದ ಜಾರಿ ಎಂಬುದನ್ನೂ ತುಂಬಬೇಕು. ಬೆಳಗಿನ ಹಾಲು ಅಳೆದಾದ ಮೇಲೆ ತುಂಬಿ ತಾರೀಖು ಮಾತ್ರ ಕೊಟ್ಟರೆ ಕೆಲವು ತಂತ್ರಾಂಶಗಳು ಬೆಳಗಿನ ಚೀಟಿಗಳನ್ನೂ ಹೊಸ ದರಕ್ಕೆ ತಿರುಗಿಸಿಬಿಡುತ್ತವೆ. ಆಗ ರೈತರ ಕೈಲಿರುವ ಚೀಟಿಗೂ ಬಟವಾಡೆಗೂ ತಾಳೆಯಾಗುವುದಿಲ್ಲ. ಹೊಸ ಪಟ್ಟಿ ತುಂಬಿದ ಕೂಡಲೇ ಮೂರು ಬೇರೆ ಬೇರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಜೋಡಿ ಹಾಕಿ ದರ ಸರಿಯಾಗಿ ಬರುತ್ತದೆಯೇ ಎಂದು ಕೈಲೆಕ್ಕದಲ್ಲಿ ನೋಡಿದರೆ ಸಾಕು.

ಈಗ ಜಗಳ ಹುಟ್ಟುವ ಜಾಗಕ್ಕೆ ಬರೋಣ. ಸಂಘದ ಹಾಲು ಕ್ಯಾನ್‌ನಲ್ಲೋ, ಬಿಎಂಸಿ ಅಂದರೆ ಶೀತಲೀಕರಣ ತೊಟ್ಟಿಯಿಂದ ಟ್ಯಾಂಕರಿನಲ್ಲೋ ಒಕ್ಕೂಟಕ್ಕೆ ಹೋಗುತ್ತದೆ. ಅಲ್ಲಿ ಮತ್ತೆ ತೂಗಿ, ಪರೀಕ್ಷಿಸಿ ಆ ಅಂಕಿಗಳ ಪಟ್ಟಿ, ಅಂದರೆ ಟ್ರಕ್ ಶೀಟ್, ಕಳಿಸುತ್ತಾರೆ. ಸಂಘದಲ್ಲಿ ಸರಾಸರಿ ಫ್ಯಾಟ್ 4.3 ಇತ್ತು, ಒಕ್ಕೂಟ 3.7 ಬರೆದಿದೆ, ಮೋಸ ಎಂದು ಕೂಗೆದ್ದೀತು. ಮೊದಲು ಸರಾಸರಿ ತೆಗೆದ ರೀತಿ ನೋಡಿ. ಒಬ್ಬರು 10 ಲೀಟರ್ ಹಾಕಿದರು, ಫ್ಯಾಟ್ 5. ಇನ್ನೊಬ್ಬರು 90 ಲೀಟರ್ ಹಾಕಿದರು, ಫ್ಯಾಟ್ 3.6. ಎರಡನ್ನು ಕೂಡಿಸಿ ಅರ್ಧ ಮಾಡಿದರೆ 4.3 ಬರುತ್ತದೆ. ಆದರೆ ಕ್ಯಾನಿನೊಳಗೆ ಹಾಲು ಬೆರೆತ ಮೇಲೆ ಇರುವುದು ಬೇರೆ. ಹತ್ತನ್ನು ಐದರಿಂದ ಗುಣಿಸಿದರೆ 50, ತೊಂಬತ್ತನ್ನು 3.6ರಿಂದ ಗುಣಿಸಿದರೆ 324, ಒಟ್ಟು 374. ಅದನ್ನು ನೂರು ಲೀಟರಿಗೆ ಹಂಚಿದರೆ 3.74. ಒಕ್ಕೂಟದ ಅಂಕಿ ಸರಿಯಾಗಿಯೇ ಇತ್ತು. ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟು ತೆಗೆದ ಸರಾಸರಿಯನ್ನೇ ವರದಿ ತೋರಿಸಬೇಕು. ಅದಾದ ಮೇಲೂ ವ್ಯತ್ಯಾಸ ದಿನವೂ ಉಳಿದರೆ ಆಗ ಯಂತ್ರ, ಸ್ಯಾಂಪಲ್, ಸಾಗಣೆ ಒಂದೊಂದನ್ನೇ ಹುಡುಕಬಹುದು. ಸಂಘದಲ್ಲೇ ಮನೆಮನೆಗೆ ಮಾರಿದ ಹಾಲನ್ನು ಅಂದಂದೇ ಬರೆಯದಿದ್ದರೆ ಈ ತಾಳೆ ಎಂದೂ ಕೂಡುವುದಿಲ್ಲ.

ಬಟವಾಡೆಯ ಸಮಯಕ್ಕೆ ಬ್ಯಾಂಕ್ ಖಾತೆಗಳ ಪಟ್ಟಿ ಚೊಕ್ಕವಾಗಿರಬೇಕು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 2025ರ ಮೇ 1ರಿಂದ ರಾಜ್ಯದ ಗ್ರಾಮೀಣ ಬ್ಯಾಂಕುಗಳೂ ಒಂದಾದವು. ವಿಲೀನವಾದಾಗ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಗುರುತಿನ ಕೋಡ್, ಬದಲಾಗುತ್ತದೆ. ಹಳೆಯದನ್ನೇ ಇಟ್ಟುಕೊಂಡರೆ ದುಡ್ಡು ಹಿಂದಕ್ಕೆ ಬರುತ್ತದೆ. ಆ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಒತ್ತುವುದು ಎಲ್ಲ ಕಡೆ ಆಗುವ ತಪ್ಪು. ಖಾತೆ ನಂಬರಿನ ಒಂದು ಅಂಕಿ ತಪ್ಪಿದರೆ ಇನ್ನೂ ಕೆಟ್ಟದು: ಹೆಸರು ಹೊಂದದಿದ್ದರೂ ಹಣ ಇನ್ನೊಬ್ಬರ ಖಾತೆಗೆ ಹೋಗಬಹುದು. ನಂಬರನ್ನು ಎರಡು ಸಲ ಒತ್ತಿಸಿ ಹೋಲಿಸುವ ತಂತ್ರಾಂಶವೇ ಬೇಕು. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನವೂ ಸದಸ್ಯರ ಖಾತೆಗೇ ಬರುವುದರಿಂದ ಈ ಪಟ್ಟಿಯ ಒಂದು ಸಾಲು ಕೆಟ್ಟರೆ ಎರಡು ಕಡೆ ನಷ್ಟ.

ಇಷ್ಟೂ ಆದ ಮೇಲೆ ಕೂಡಿಟ್ಟ ಅಂಕಿಗಳಿಂದ ಏನು ಪ್ರಯೋಜನ ಎಂದರೆ, ನನ್ನ ದೃಷ್ಟಿಯಲ್ಲಿ ನಿಜವಾದ ಫಲ ಇರುವುದು ಅಲ್ಲೇ, ಮತ್ತು ಹೆಚ್ಚಿನ ಸಂಘಗಳು ಅದನ್ನು ಬಳಸುವುದೇ ಇಲ್ಲ. ಪ್ರತಿ ಸೋಮವಾರ ಒಂದು ಪಟ್ಟಿ ತೆಗೆಯಿರಿ: ಕಳೆದ ವಾರದ ಹಾಲು ಅದರ ಹಿಂದಿನ ವಾರಕ್ಕಿಂತ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದ ಸದಸ್ಯರು ಯಾರು? ಕೆಲವರ ಹಸು ಬತ್ತಿರುತ್ತದೆ, ಅದು ಸಹಜ. ಕೆಲವರದು ಕೆಚ್ಚಲು ಬಾವು. ಅದರಲ್ಲಿ ಹಾಲಿನ ಜೊತೆ ಎಸ್‌ಎನ್‌ಎಫ್ ಕೂಡ ಇಳಿದಿರುತ್ತದೆ, ಇಂದೇ ಪಶುವೈದ್ಯರನ್ನು ಕರೆಸಿದರೆ ಹಸುವಿನ ಕೆಚ್ಚಲು ಉಳಿದೀತು. ಇನ್ನು ಕೆಲವರು ಖಾಸಗಿ ಡೇರಿಗೆ ಹಾಕತೊಡಗಿರುತ್ತಾರೆ. ಅವರ ಮನೆಗೆ ಹೋಗಿ ಏನು ಬೇಸರವಾಯಿತು ಎಂದು ಕೇಳಬೇಕು. ಪಶು ಆಹಾರದ ದಾಸ್ತಾನೂ ಇದೇ ಕಂಪ್ಯೂಟರಿನಲ್ಲಿದೆ. ದಿನಕ್ಕೆ 6 ಮೂಟೆ ಖರ್ಚು, ಬೇಡಿಕೆ ಕಳಿಸಿ ಲಾರಿ ಬರಲು 5 ದಿನ, ಮುನ್ನೆಚ್ಚರಿಕೆಗೆ 3 ದಿನದ್ದು ಎಂದರೆ 48 ಮೂಟೆಗೆ ಇಳಿದ ದಿನವೇ ಬೇಡಿಕೆ ಹೋಗಬೇಕು.

ಕರೆಂಟು ಹೋದರೆ ಯುಪಿಎಸ್ ಒಂದು ಹೊತ್ತಿನ ಹಾಲು ಮುಗಿಯುವವರೆಗಾದರೂ ನಿಲ್ಲಬೇಕು. ಅನಲೈಜರ್ ಕೆಟ್ಟು ಅಂಕಿಯನ್ನು ಕೈಯಿಂದ ಒತ್ತಿದಾಗ ಚೀಟಿಯ ಮೇಲೆ ಅದರ ಗುರುತು ಬೀಳಬೇಕು. ಯಾರು, ಯಾವಾಗ ತಿದ್ದಿದರು ಎಂಬುದು ಒಳಗೆ ಉಳಿಯಬೇಕು. ಒಂದೇ ಪಾಸ್‌ವರ್ಡನ್ನು ಕಾರ್ಯದರ್ಶಿ, ಪರೀಕ್ಷಕ, ಸಹಾಯಕ ಮೂವರೂ ಬಳಸಿದರೆ ಆ ದಾಖಲೆಗೆ ಬೆಲೆಯಿಲ್ಲ. ದಿನದ ಕೊನೆಗೆ ದತ್ತಾಂಶದ ಒಂದು ಪ್ರತಿ ಸಂಘದ ಕಟ್ಟಡದ ಹೊರಗೆ ಎಲ್ಲಾದರೂ ಇರಲಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಪ್ರತಿ ಕೈಲಿದ್ದೂ ಇಲ್ಲದಂತೆ. ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಬಹುದು, ಆದ್ದರಿಂದ ಬಟವಾಡೆ ಬರುವವರೆಗೆ ಅವನ್ನು ಬಿಸಿಲು, ಬಿಸಿ ತಾಗದ ಕಡೆ ಇಟ್ಟುಕೊಂಡು ತಾಳೆ ನೋಡಿ.

ಹೊಸದಾಗಿ ಯಂತ್ರ ಕೊಳ್ಳುವ ಸಂಘಗಳು ಬೆಲೆಯೊಂದನ್ನೇ ಕೇಳಿ ಸಹಿ ಹಾಕಬಾರದು. ಮಾರುವವರನ್ನು ಬದಲಿಸಿದರೆ ನಮ್ಮ ಹಳೆಯ ದಾಖಲೆಗಳನ್ನು ಎಕ್ಸೆಲ್ ರೂಪದಲ್ಲಿ ಕೊಡುತ್ತೀರಾ, ಮುಖ್ಯ ಪಾಸ್‌ವರ್ಡ್ ಸಂಘದ ಬಳಿ ಇರುತ್ತದೆಯೇ, ಸ್ಥಿರಾಂಕ ಮತ್ತು ದಶಾಂಶದ ಸೆಟ್ಟಿಂಗನ್ನು ನಾವೇ ನೋಡಬಹುದೇ, ಅನಲೈಜರ್ ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಯಂತ್ರ ಬರುತ್ತದೆ ಎಂದು ಕೇಳಿ. ಉತ್ತರಗಳನ್ನು ಒಪ್ಪಂದದಲ್ಲೇ ಬರೆಸಿ, ಅದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರೆದುರು ಓದಿಸಿ, ಆಮೇಲೆ ಮುಂಗಡ ಕೊಡಿ.

ನಮಸ್ಕಾರ.