ಸ್ವಾಬ್ ಕೊಳ್ಳುವ ಮೊದಲು

ನಮಸ್ಕಾರ. ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡವರನ್ನು ಬೇಗನೆ ಕಂಗೆಡಿಸುವ ಸಂಗತಿ ಎಂದರೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಮೇಲಿನ ಧೂಳು. ಆದರೆ ಆ ಧೂಳಿಗಿಂತ, ಅದನ್ನು ಸ್ವಾಬ್ ಎಂಬ ಒರೆಸುವ ಕಡ್ಡಿಯಿಂದ ಒರೆಸಿಬಿಡಬೇಕೆಂಬ ನಮ್ಮ ಆತುರವೇ ಕ್ಯಾಮೆರಾಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕಳಚಿದರೆ ಎದುರಿಗಿರುತ್ತಿದ್ದುದು ಕನ್ನಡಿ. ಸೆನ್ಸರ್ ಅದರ ಹಿಂದೆ, ಶಟರ್ ಪರದೆಯ ಮರೆಯಲ್ಲಿರುತ್ತಿತ್ತು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ; ಸೆನ್ಸರ್ ಮೌಂಟಿಗೆ, ಅಂದರೆ ಲೆನ್ಸ್ ಕೂರುವ ಬಳೆಗೆ, ಹತ್ತಿರವೇ ಇರುತ್ತದೆ. ನಿಕಾನ್‌ನ ಎಫ್ ಮೌಂಟ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 46.5 ಮಿಲಿಮೀಟರ್ ಅಂತರವಿದ್ದರೆ, ಮಿರರ್‌ಲೆಸ್‌ನ ಝಡ್ ಮೌಂಟ್‌ನಲ್ಲಿ ಅದು 16 ಮಿಲಿಮೀಟರಿಗೆ ಇಳಿದಿದೆ. 2018ರ ಕ್ಯಾನನ್ ಇಓಎಸ್ ಆರ್‌ನಂತೆ ಆಫ್ ಮಾಡಿದಾಗ ಶಟರ್ ಪರದೆಯನ್ನು ಮುಚ್ಚಿಕೊಳ್ಳುವ ಕ್ಯಾಮೆರಾಗಳೂ ಇವೆ. ಅದು ಒಳ್ಳೆಯ ಏರ್ಪಾಡೇ, ಆದರೆ ಆ ತೆಳುವಾದ ಪರದೆಗೆ ಬೆರಳು ತಗುಲಿ ಹಾನಿಯಾದರೆ ಆಗುವ ಖರ್ಚಿನ ಮುಂದೆ ಧೂಳು ಏನೇನೂ ಅಲ್ಲ.

ಧೂಳು ಕೂರುವುದು ಸೆನ್ಸರಿನ ಮೇಲಲ್ಲ, ಅದರ ಮುಂದಿರುವ ಫಿಲ್ಟರ್ ಗಾಜಿನ ಮೇಲೆ; ಚಿತ್ರದಲ್ಲಿ ಕಾಣುವುದು ಅದರ ನೆರಳು ಮಾತ್ರ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿ, ಎಫ್/5.6ರಂತೆ ಅಗಲವಾಗಿದ್ದಾಗ ಆ ನೆರಳು ಹರಡಿ ಕರಗಿಹೋಗುತ್ತದೆ, ಎಫ್/16ರಂತೆ ಕಿರಿದಾದಾಗ ಮಚ್ಚೆಯಾಗಿ ಎದ್ದು ಕಾಣುತ್ತದೆ. ಆದ್ದರಿಂದಲೇ ಬೇಸಿಗೆಯಲ್ಲಿ ಕಬಿನಿಯ ಸಫಾರಿ ಜೀಪಿನಲ್ಲಿ ಧೂಳು ಕುಡಿದು ಬಂದವರು ಎಫ್/5.6ರಲ್ಲಿ ತೆಗೆದ ಹುಲಿಯ ಚಿತ್ರದಲ್ಲಿ ಏನನ್ನೂ ಕಾಣದೆ, ಅದೇ ಕ್ಯಾಮೆರಾದಿಂದ ಕುದುರೆಮುಖದ ಆಕಾಶವನ್ನು ಎಫ್/16ರಲ್ಲಿ ತೆಗೆದಾಗ ಬೆಚ್ಚಿಬೀಳುತ್ತಾರೆ.

ನಿಜವಾದ ತೊಂದರೆ ಇರುವುದು ವಿಡಿಯೊದಲ್ಲಿ. ಸ್ಥಿರಚಿತ್ರದ ಮಚ್ಚೆಯನ್ನು ಎಡಿಟಿಂಗ್‌ನಲ್ಲಿ ಕ್ಷಣದಲ್ಲಿ ಅಳಿಸಬಹುದು; ವಿಡಿಯೊದಲ್ಲಿ ದೃಶ್ಯ ಸರಿಯುತ್ತಿದ್ದರೂ ಮಚ್ಚೆ ಇದ್ದಲ್ಲೇ ಇರುವುದರಿಂದ ಅದು ಕಣ್ಣಿಗೆ ಚುಚ್ಚುತ್ತದೆ. ಸುಡುಬಿಸಿಲಿನಲ್ಲಿ, ಚಲನೆ ಸಹಜವಾಗಿ ಕಾಣಲೆಂದು ಶಟರ್ ವೇಗವನ್ನು 1/50 ಸೆಕೆಂಡಿನಲ್ಲಿ ಹಿಡಿದಿಡಲು ಅಪರ್ಚರನ್ನು ಎಫ್/22ರವರೆಗೆ ಕಿರಿದುಗೊಳಿಸುವವರು ಧೂಳನ್ನು ತಾವೇ ಕರೆದು ತೋರಿಸಿದಂತೆ. ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರುವುದರಿಂದ) ಚಿತ್ರದ ಮೊನಚೂ ಕುಂದುತ್ತದೆ. ಇಂಥವರು ಮೊದಲು ಕೊಳ್ಳಬೇಕಾದದ್ದು ಸ್ವಾಬ್ ಅಲ್ಲ, ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್.

ಇಷ್ಟಾದರೂ ಕಲೆ ಕಾಡಿದರೆ, ಮೊದಲು ಕ್ಯಾಮೆರಾದೊಳಗಿನ ಕಂಪನ ವ್ಯವಸ್ಥೆಯನ್ನು ಚಾಲನೆ ಮಾಡಿ. 2003ರ ಒಲಿಂಪಸ್ ಇ-1ರ ಕಾಲದಿಂದಲೂ ಇರುವ ಸೌಲಭ್ಯವಿದು. ಆಮೇಲೆ ಮೌಂಟನ್ನು ನೆಲದತ್ತ ತಿರುಗಿಸಿ, ತುದಿಯನ್ನು ಒಳಗೆ ತೂರಿಸದೆ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಸಿಡಿಯುತ್ತದೆ, ಡಬ್ಬಿಯ ಒತ್ತಡದ ಗಾಳಿಯಲ್ಲಿ ದ್ರವವೇ ಹೊರಬಂದು ಗಾಜಿಗೆ ಅಂಟಬಹುದು. ಸಾಮಾನ್ಯವಾದ ಒಣ ಧೂಳಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗುವುದಿಲ್ಲ.

ಪರಾಗವೋ ಜಿಡ್ಡೋ ಅಂಟಿಕೊಂಡಿದ್ದರೆ ಮಾತ್ರ ಸ್ವಾಬ್ ಸರಿ, ಅದೂ ಬ್ಯಾಟರಿ ಪೂರ್ಣ ಚಾರ್ಜ್ ಆಗಿರುವಾಗ: ಫುಲ್‌ಫ್ರೇಮ್‌ಗೆ (ದೊಡ್ಡ ಸೆನ್ಸರಿಗೆ) 24 ಮಿಲಿಮೀಟರ್, ಎಪಿಎಸ್-ಸಿಗೆ (ಅದಕ್ಕಿಂತ ಚಿಕ್ಕದಕ್ಕೆ) 16 ಮಿಲಿಮೀಟರ್ ಅಗಲದ್ದು. ಒಂದು ಬದಿಯಿಂದ ಹೋಗುವಾಗ ಒಂದು ಮುಖ, ಮರಳುವಾಗ ಇನ್ನೊಂದು, ಬಳಿಕ ಅದು ಕಸದ ಬುಟ್ಟಿಗೆ. ಸ್ಟೆಬಿಲೈಸೇಶನ್ (ಕೈಯ ಅಲುಗಾಟವನ್ನು ಸರಿದೂಗಿಸುವ ವ್ಯವಸ್ಥೆ) ಇರುವ ಸೆನ್ಸರ್ ತೇಲುತ್ತಿರುವುದರಿಂದ ಒತ್ತಬೇಡಿ. ಕೈ ನಡುಗುವುದಾದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಮತ್ತೊಂದು ಮಾತು: ಲೆನ್ಸ್ ಬಿಂಬವನ್ನು ತಲೆಕೆಳಗಾಗಿಸುವುದರಿಂದ, ಚಿತ್ರದ ಎಡ ಮೇಲ್ಮೂಲೆಯಲ್ಲಿ ಕಂಡ ಕಲೆಯನ್ನು ಕ್ಯಾಮೆರಾಕ್ಕೆ ಎದುರಾಗಿ ನಿಂತು ನೋಡುವಾಗ ಎಡ ಕೆಳಮೂಲೆಯಲ್ಲಿ ಹುಡುಕಿ.